ಹೋರಿಯ ಸೂಕ್ಷ್ಮದರ್ಶಕದಲ್ಲಿ ನನ್ನನ್ನು ನೋಡಿಕೊಂಡ ವರ್ಷ

ಹೋದ ತಿಂಗಳು ಕಾಲಿಗೆ ಮುಳ್ಳು ಚುಚ್ಚಿ ಕೀವಾಗಿ, ಕೆ.ಆರ್. ನಗರದ ಒಂದು ಸಣ್ಣ ಕ್ಲಿನಿಕ್ಕಿಗೆ ಸೂಜಿ ಹಾಕಿಸಿಕೊಳ್ಳಲು ಹೋಗಿದ್ದೆ. ನರ್ಸಮ್ಮ ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ ತೋಳು ಒರೆಸಿದರು. ಪಕ್ಕದ ಬೆಂಚಿನಲ್ಲಿ ಮದುವೆಯಾಗಿ ಎರಡು ಮೂರು ವರ್ಷವಾದವರಂತೆ ಕಾಣುವ ಗಂಡ ಹೆಂಡತಿ ಕೂತಿದ್ದರು. ಮಕ್ಕಳಾಗಲಿಲ್ಲವೆಂದು ಬಂದವರು. ಡಾಕ್ಟರು ಇಬ್ಬರಿಗೂ ಪರೀಕ್ಷೆ ಬರೆದುಕೊಟ್ಟಿದ್ದರು. ಹೆಂಡತಿಯ ಚೀಟಿ ಎಲ್ಲರಿಗೂ ಕಾಣುವಂತೆ ಅವಳ ಕೈಯಲ್ಲೇ ಇತ್ತು. ಗಂಡ ಮಾತ್ರ ತನ್ನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಅಂಗಿಯ ಒಳಜೇಬಿಗೆ ತುರುಕಿ, ಮೇಲಿಂದ ಒಂದು ಸಲ ತಟ್ಟಿ ನೋಡಿಕೊಂಡ. ನನಗೆ ಸಿಟ್ಟು ನೆತ್ತಿಗೇರಿತು. ಅವನ ಮೇಲಷ್ಟೇ ಅಲ್ಲ. ಆ ಸ್ಪಿರಿಟ್ ವಾಸನೆಯಲ್ಲಿ ಇಪ್ಪತ್ತೇಳು ವರ್ಷದ ಇನ್ನೊಬ್ಬ ಗಂಡಸು ಎದ್ದು ಬಂದು ನನ್ನೆದುರು ನಿಂತಿದ್ದ. ಅವನೂ ನಾಲ್ಕು ತಿಂಗಳು ಹಾಗೆಯೇ ಜೇಬು ತಟ್ಟಿಕೊಂಡು ಓಡಾಡಿದವನು. ಅವನ ಕಥೆಯನ್ನು ಈಗಲಾದರೂ ಬರೆದಿಡಬೇಕು ಅನ್ನಿಸಿತು.

ಅದು ಐವತ್ತರ ದಶಕದ ನಡುವಿನ ಒಂದು ವರ್ಷ. ನಾನು ದನದ ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಆಗಿದ್ದೆ. ಡಾಕ್ಟರರ ಕೈಕೆಳಗೆ ದನ ಹಿಡಿಯುವುದು, ಗಾಯ ತೊಳೆಯುವುದು, ಔಷಧಿ ಕುಡಿಸುವುದು ನನ್ನ ಕೆಲಸ. ಆ ವರ್ಷ ಯುಗಾದಿ ಕಳೆದ ಮೇಲೆ ನನ್ನನ್ನು ಹೊಸ ಅಗ್ರಹಾರಕ್ಕೆ ಹಾಕಿದರು. ಹಸುಗಳಿಗೆ ಹೋರಿಯಿಲ್ಲದೆ ಸೂಜಿಯಲ್ಲಿ ಗಬ್ಬ ಕಟ್ಟಿಸುವ ಹೊಸ ಪದ್ಧತಿ ಆಗಷ್ಟೇ ಹಳ್ಳಿಗಳಿಗೆ ಬರುತ್ತಿತ್ತು. ಮೈಸೂರಿನಲ್ಲಿ ಒಳ್ಳೆಯ ತಳಿಯ ಹೋರಿಗಳ ವೀರ್ಯ ತೆಗೆದು, ಮೊಟ್ಟೆಯ ಹಳದಿಯಲ್ಲಿ ಬೆರೆಸಿ, ಗಾಜಿನ ಕೊಳವೆಗೆ ತುಂಬಿ, ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿಟ್ಟು ಬೆಳಗಿನ ಬಸ್ಸಿಗೆ ಕೊಡುತ್ತಿದ್ದರು. ಫ್ಲಾಸ್ಕು ಕೈಗೆ ಬಂದ ಕೂಡಲೇ ನಾನು ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಹಿತ್ತಾಳೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಕರೆಂಟು ಇನ್ನೂ ಬಂದಿರಲಿಲ್ಲ. ಅದರ ಬುಡದಲ್ಲಿದ್ದ ಪುಟ್ಟ ಕನ್ನಡಿಯನ್ನು ಕಿಟಕಿಯ ಬಿಸಿಲಿಗೆ ತಿರುಗಿಸಿದರೆ ಕೆಳಗಿನಿಂದ ಬೆಳಕು ಬೀಳುತ್ತಿತ್ತು. ಕೆರೆಯಂಚಿನ ಗೊದಮೊಟ್ಟೆಗಳಂತೆ ಸಾವಿರಾರು ಜೀವ ಗಿಜಿಗುಟ್ಟುತ್ತಿದ್ದರೆ ಮಾಲು ಚೆನ್ನಾಗಿದೆ ಎಂದರ್ಥ. ಸತ್ತು ಬಿದ್ದಿದ್ದರೆ ಚೆಲ್ಲಿಬಿಡುವುದು.

ಊರಿನವರಿಗೆ ಇದೊಂದು ದೊಡ್ಡ ತಮಾಷೆ. ನನಗೆ 'ಸೀಸೆ ಹೋರಿ' ಎಂದು ಹೆಸರಿಟ್ಟರು. ನೀರಿಗೆ ಬಂದ ಹೆಂಗಸರು ನನ್ನನ್ನು ಕಂಡರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನನಗೆ ಮಕ್ಕಳಿಲ್ಲವೆಂಬ ಸುದ್ದಿ ತಿಳಿದ ಮೇಲೆ ಮಾತ್ರ ನಗೆಯ ದನಿ ಬೇರೆಯಾಯಿತು. 'ಅಳ್ಳಿ ದನಕ್ಕೆಲ್ಲ ಕರ ಕೊಡುಸ್ತನೆ, ತನ್ ಮನ್ಗೆ ಒಂದ್ ಕೂಸಿಲ್ವಂತೆ. ಯೆಂಡ್ರು ಗೊಡ್ಡಂತೆ ಕಣಮ್ಮಿ' ಎಂದು ಒಬ್ಬಾಕೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಹೆಂಡತಿ ಗೊಡ್ಡು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ.

ನನ್ನ ಹೆಂಡತಿ ಪುಟ್ಟತಾಯಿ ಆಗ ಬಿಳಿಕೆರೆ ಹತ್ತಿರದ ನಮ್ಮೂರಿನಲ್ಲಿ ಅವ್ವನ ಜೊತೆ ಇದ್ದಳು. ಅಪ್ಪ ತೀರಿಕೊಂಡಿದ್ದ. ಇದ್ದ ಹೊಲದಲ್ಲಿ ರಾಗಿ ಅವರೆ ಬೆಳೆದುಕೊಳ್ಳಲು ಅವ್ವನಿಗೆ ಒಂದು ಜೊತೆ ಕೈ ಬೇಕಿತ್ತು. ನಾನು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹೋಗಿ ಬರುತ್ತಿದ್ದೆ. ಮದುವೆಯಾಗಿ ಆರು ವರ್ಷವಾಗಿತ್ತು. ಆರು ವರ್ಷದಲ್ಲಿ ಅವಳು ಸುತ್ತದ ಅರಳಿಮರವಿಲ್ಲ, ಹಾಲೆರೆಯದ ನಾಗರಕಲ್ಲಿಲ್ಲ. ನಂಜನಗೂಡಿನಲ್ಲಿ ಒದ್ದೆ ಸೀರೆಯಲ್ಲಿ ಉರುಳುಸೇವೆ ಮಾಡಿ ಮೊಣಕೈ ತರಚಿಕೊಂಡು ಬಂದಿದ್ದಳು. ತೊಟ್ಟಿಲ ಶಾಸ್ತ್ರಕ್ಕೆ ಕರೆದ ಮನೆಗಳಲ್ಲಿ ಅಡುಗೆ ಮಾಡಿಸಿಕೊಂಡು, ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ 'ನೀರು ತಗೊಂಬಾ ಓಗವ್ವ' ಎಂದು ಹೊರಗೆ ಕಳಿಸುತ್ತಿದ್ದರು. ಅವಳು ಕೊಡ ಎತ್ತಿಕೊಂಡು ತಲೆ ಎತ್ತಿಯೇ ಹೋಗುತ್ತಿದ್ದಳು. ಮಾತು ಬಾರದವಳಲ್ಲ, ಅಳೆದು ಆಡುವವಳು. ಈ ಆರು ವರ್ಷದಲ್ಲಿ ನಾನು ಮಾಡಿದ್ದೇನು? ನಂಜನಗೂಡಿನಲ್ಲಿ ಅವಳು ಉರುಳುವಾಗ ಪಕ್ಕದಲ್ಲಿ ಒಣಸೀರೆ ಹಿಡಿದುಕೊಂಡು ನಡೆದಿದ್ದೆ, ಅಷ್ಟೆ.

ಆ ಮುಂಗಾರಿನಲ್ಲಿ ಹೊಸ ಅಗ್ರಹಾರದ ಪಕ್ಕದ ಒಂದು ಹಳ್ಳಿಯಿಂದ ದೊಡ್ಡಯ್ಯ ಎಂಬ ರೈತ ಹಸು ಹೊಡೆದುಕೊಂಡು ಬಂದ. ದುಂಡುಮೈಯ ಒಳ್ಳೆಯ ಹಸು. ನಾಲ್ಕು ಸಲ ಬೆದೆಗೆ ಬಂದು, ನಾಲ್ಕು ಸಲವೂ ಊರ ದೇವರಿಗೆ ಬಿಟ್ಟ ಬಸಪ್ಪನಿಂದ ಹಾರಿಸಿದ್ದರೂ ಗಬ್ಬ ನಿಂತಿರಲಿಲ್ಲ.

'ಗೊಡ್ಡು ಬಿದ್ದೋಗದೆ ಕಣ್ರೀ. ಈ ವರ್ಸ ನಮ್ಮೂರಲ್ಲಿ ಎಲ್ಲಾ ಅಸಾನೂ ಗೊಡ್ಡೇ. ಏಳು ಜನ ಆಗ್ಲೇ ಮಾರ್ಕಂಡ್ರು' ಎಂದ.

ನಮ್ಮ ಡಾಕ್ಟರು ಕೊಡಗಿನವರು. ಸಿಡುಕು ಮೋರೆ, ಒಳ್ಳೆಯ ಕೈ. ಹಸುವನ್ನು ಪರೀಕ್ಷೆ ಮಾಡಿ, 'ಇದಕ್ಕೇನೂ ಆಗಿಲ್ಲ. ಹೋರಿಯನ್ನು ಹಿಡಿದುಕೊಂಡು ಬಾ' ಎಂದರು. ದೊಡ್ಡಯ್ಯ ಕಿವಿ ಮುಚ್ಚಿಕೊಂಡ. ದೇವರ ಬಸಪ್ಪನನ್ನು ಪರೀಕ್ಷೆ ಮಾಡುವುದೆಂದರೆ ದೇವರನ್ನೇ ಸಾಕ್ಷಿ ಕೇಳಿದಂತೆ. ಕೊನೆಗೆ ಡಾಕ್ಟರೇ ನನ್ನನ್ನು ಕರೆದುಕೊಂಡು ಆ ಹಳ್ಳಿಗೆ ಹೋದರು. ಬಸಪ್ಪ ನೋಡಲು ರಾಜಗಾಂಭೀರ್ಯ. ಹಣೆಗೆ ವಿಭೂತಿ, ಕೊರಳಿಗೆ ಗಂಟೆ. ಬೇಸಿಗೆಯಲ್ಲಿ ಕಾಲುಬಾಯಿ ಜ್ವರ ಬಂದು ಹದಿನೈದು ದಿನ ಮಲಗಿತ್ತಂತೆ. ಊರ ಯಜಮಾನರನ್ನು ಒಪ್ಪಿಸಿ, ಪೂಜೆ ಮಾಡಿಸಿ, ಅದರ ವೀರ್ಯ ತೆಗೆದು ಅಲ್ಲೇ ಜಗಲಿಯ ಮೇಲೆ ಸೂಕ್ಷ್ಮದರ್ಶಕವಿಟ್ಟು ನೋಡಿದೆವು. ಒಂದೇ ಒಂದು ಜೀವವೂ ಅಲ್ಲಾಡಲಿಲ್ಲ.

ಡಾಕ್ಟರು ಕಣ್ಣು ತೆಗೆದು, 'ಜ್ವರಕ್ಕೆ ಹೀಗಾಗಿದೆ. ದನಕ್ಕಾದರೂ ಅಷ್ಟೇ, ಮನುಷ್ಯನಿಗಾದರೂ ಅಷ್ಟೇ. ಮೈಯೆಲ್ಲ ಕಟ್ಟುಮಸ್ತಾಗಿರುತ್ತದೆ, ಬೀಜ ಇರುವುದಿಲ್ಲ. ಇದು ಆರು ತಿಂಗಳಿಗೆ ಸರಿಹೋದರೂ ಹೋಗಬಹುದು. ನೀವು ಸುಮ್ಮನೆ ಹಸುಗಳನ್ನು ಮಾರಿಕೊಂಡಿರಿ' ಎಂದರು.

ಯಾರೂ ನಂಬಲಿಲ್ಲ. ಒಬ್ಬ ಹಿರಿಯ ಕೋಲು ಕುಟ್ಟಿ, 'ಬಸಪ್ಪಂಗೆ ದೋಸ ಯೋಳ್ತೀರಾ? ನಿಮ್ ಗಾಜ್ಗೆ ದೋಸ ಬಂದದೆ ನೋಡ್ಕಳಿ' ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಡಾಕ್ಟರು ಜ್ವರವೆಂದಾಗಲೇ ನನಗೆ ನನ್ನ ಹತ್ತೊಂಬತ್ತನೇ ವರ್ಷ ನೆನಪಾಗಿತ್ತು. ಆಗ ಮಂಗನಬಾವು ಬಂದು ಎರಡೂ ಕೆನ್ನೆ ಊದಿ, ಆಮೇಲೆ ಅದು ಕೆಳಕ್ಕಿಳಿದು, ಹೇಳಿಕೊಳ್ಳಲಾರದ ಜಾಗ ಊದಿಕೊಂಡು ಹತ್ತು ದಿನ ಕಾಲು ಅಗಲಿಸಿ ಮಲಗಿದ್ದೆ. ಅವ್ವ ಬೇವಿನಸೊಪ್ಪು ಹಾಸಿ, ಯಾರ ಕಣ್ಣೋ ಬಿತ್ತೆಂದು ದೃಷ್ಟಿ ತೆಗೆದಿದ್ದಳು. ವಾಪಸು ಬರುವಾಗ ಡಾಕ್ಟರು ಸೈಕಲ್ಲಿನ ಮುಂದೆ, ನಾನು ಹಿಂದೆ. ಮೂರು ಮೈಲಿ ದಾರಿಯುದ್ದಕ್ಕೂ ಆ ಹತ್ತು ದಿನವನ್ನೇ ಲೆಕ್ಕ ಹಾಕುತ್ತ ಬಂದೆ.

ಆಷಾಢ ಬಂತು. ಭಾನುವಾರ ಆಸ್ಪತ್ರೆಗೆ ರಜೆ, ಬೀಗದ ಕೈ ನನ್ನ ಹತ್ತಿರ. ಬಾಗಿಲು ಒಳಗಿನಿಂದ ಹಾಕಿಕೊಂಡೆ. ಹೇಗೆ ಏನು ಎಂದು ಕೇಳಬೇಡಿ, ಹೋರಿಗಳಿಗೆ ಮಾಡಿಕೊಟ್ಟಿದ್ದ ಯಾವ ಸೌಕರ್ಯವೂ ನನಗಿರಲಿಲ್ಲ. ಅಂತೂ ಒಂದು ತೊಟ್ಟು ಗಾಜಿನ ಪಟ್ಟಿಯ ಮೇಲೆ ಬಿತ್ತು. ಕನ್ನಡಿಯನ್ನು ಕಿಟಕಿಗೆ ತಿರುಗಿಸಿದೆ. ಆಚೆ ಜಿಟಿಜಿಟಿ ಸೋನೆ, ಬಿಸಿಲೇ ಇಲ್ಲ. ಮಸುಕು ಬೆಳಕಿನಲ್ಲಿ ಕಂಡದ್ದು ಬರೀ ಬೂದು ಬಯಲು. ಬೆಳಕು ಸಾಲದು, ಅದಕ್ಕೇ ಕಾಣುತ್ತಿಲ್ಲ ಎಂದುಕೊಂಡೆ. ಅಂದುಕೊಂಡು ಎಷ್ಟು ಸಮಾಧಾನವಾಯಿತೆಂದರೆ ಹೊರಗೆ ಹೋಗಿ ಎರಡು ದೋಸೆ ತಿಂದು ಬಂದೆ.

ಮುಂದಿನ ಭಾನುವಾರವೂ ಮೋಡ. ಅದರ ಮುಂದಿನದೂ ಮೋಡ. ಗದ್ದೆಗಳಿಗೆ ನಾಲೆಯ ನೀರು ಬಿಟ್ಟಿದ್ದರು, ನಾಟಿ ಮಾಡುವ ಹೆಂಗಸರು ಮಳೆಗೆ ಗರಿಯ ಗೊರಗ ಹೊದ್ದು ಬಗ್ಗಿದ್ದರು. ಊರೆಲ್ಲ ಒಳ್ಳೆ ಮಳೆ ಎಂದು ಹಿಗ್ಗುತ್ತಿದ್ದರೆ ನಾನೊಬ್ಬ ಬಿಸಿಲಿಗಾಗಿ ಬಾಯಿ ಬಿಡುತ್ತಿದ್ದೆ. ಬಿಸಿಲು ಬಾರದಿದ್ದರೆ ಸಾಕಪ್ಪ ಎಂದೂ ಅನ್ನಿಸುತ್ತಿತ್ತು. ಮಸೂರ ಒರೆಸಿದೆ, ಗಾಜು ಬದಲಿಸಿದೆ. ಆ ಹಿರಿಯ ಹೇಳಿದಂತೆ ಗಾಜಿಗೇ ದೋಷ ಹುಡುಕಿದೆ. ಅವನನ್ನು ಮನಸ್ಸಿನಲ್ಲಿ ಮುಠ್ಠಾಳ ಎಂದು ಬೈದಿದ್ದ ನಾನೇ ಅವನ ಮಾತಿಗೆ ಜೋತುಬಿದ್ದಿದ್ದೆ.

ನಾಲ್ಕನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೋಡ ಹರಿದು ಬಿಸಿಲು ಬಿತ್ತು. ಕನ್ನಡಿ ಕಣ್ಣು ಕುಕ್ಕುವಂತೆ ಹೊಳೆಯಿತು. ನೋಡಿದೆ. ಹಿಂದಿನ ದಿನದ ಫ್ಲಾಸ್ಕಿನಲ್ಲಿ ಉಳಿದಿದ್ದ ಹೋರಿಯದೊಂದು ತೊಟ್ಟನ್ನು ಇನ್ನೊಂದು ಪಟ್ಟಿಗೆ ಹಾಕಿ ಅದನ್ನೂ ನೋಡಿದೆ. ಅಲ್ಲಿ ಜಾತ್ರೆ. ಮತ್ತೆ ನನ್ನದನ್ನು ನೋಡಿದೆ. ಅದೇ ಬಿಸಿಲು, ಅದೇ ಕನ್ನಡಿ, ಅದೇ ಕಣ್ಣು, ಏನೂ ಇಲ್ಲ. ಸತ್ತದ್ದೂ ಇಲ್ಲ. ಸ್ಟೂಲಿನ ಮೇಲೆ ಕೂತು ಅತ್ತೆ. ಮೊದಲು ನನಗಾಗಿ ಅತ್ತೆ, ಸುಳ್ಳು ಹೇಳಲಾರೆ. ಅವಳ ತರಚಿದ ಮೊಣಕೈ ನೆನಪಾದದ್ದು ಆಮೇಲೆ.

ಸೋಮವಾರ ಡಾಕ್ಟರಿಗೆ ಹೇಳಿದೆ. 'ಸರ್ಕಾರಿ ಸೂಕ್ಷ್ಮದರ್ಶಕದಲ್ಲಿ ನಿನ್ನ ಮಂಗಾಟ ಏನಯ್ಯ?' ಎಂದು ಮೊದಲು ಗದರಿದರು. ಆಮೇಲೆ ಕುರ್ಚಿ ಎಳೆದು ಕೂತು, ಮೈಸೂರಿನಲ್ಲಿ ಮನುಷ್ಯರ ಡಾಕ್ಟರಾಗಿದ್ದ ತಮ್ಮ ಗೆಳೆಯರಿಗೆ ಕಾಗದ ಬರೆದುಕೊಟ್ಟರು. ಅಲ್ಲಿಯೂ ಪರೀಕ್ಷೆಯಾಯಿತು. ಅಲ್ಲಿ ಚೆನ್ನಾದ ದೀಪವಿತ್ತು, ಆದರೂ ಏನೂ ಕಾಣಲಿಲ್ಲ. ಮಂಗನಬಾವು ಕೆಳಗಿಳಿದಾಗಲೇ ಎಲ್ಲ ಸುಟ್ಟುಹೋಗಿದೆ, ಇದಕ್ಕೆ ಔಷಧಿ ಇಲ್ಲ ಎಂದು ಅವರು ಒಂದು ಚೀಟಿ ಬರೆದರು.

'ಚೀಟಿ ಯಾರಿಗೂ ತೋರಿಸಬೇಡ. ಗಂಡಸು ಇದನ್ನು ಬಾಯಿಬಿಟ್ಟು ಹೇಳಿದರೆ ಊರಲ್ಲಿ ತಲೆ ಎತ್ತಿ ನಡೆಯೋಕಾಗಲ್ಲ' ಎಂದರು ನಮ್ಮ ಡಾಕ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಚೀಟಿಯನ್ನು ಜೇಬಿಗೆ ಹಾಕಿಕೊಂಡೆ.

ಶ್ರಾವಣ ಕಳೆಯಿತು. ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಬೆಳಿಗ್ಗೆ ಪುಟ್ಟತಾಯಿ ಒಲೆಯ ಮುಂದೆ ಕೂತು ಮಣ್ಣಿನ ಕುಡಿಕೆಯಿಂದ ಏನನ್ನೋ ಬಗ್ಗಿಸಿಕೊಂಡು, ಮೂಗು ಹಿಡಿದು ಕುಡಿದಳು. ಹೆಗ್ಗಡದೇವನಕೋಟೆ ಕಾಡಂಚಿನ ನಾಟಿವೈದ್ಯನ ಬೇರಿನ ಕಷಾಯ. ಮಕ್ಕಳಾಗಲೆಂದು ನನ್ನ ಸೋದರಮಾವ ತಂದುಕೊಟ್ಟಿದ್ದನಂತೆ. ಕುಡಿದ ಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು ಬಂದು, ನನಗೆ ಒಬ್ಬಟ್ಟು ಬಡಿಸಿದಳು. ಜೇಬಿನಲ್ಲಿ ಚೀಟಿ ಇತ್ತು. ಕುಡಿಯಬೇಡ ಅನ್ನುವ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಒಬ್ಬಟ್ಟು ತಿಂದೆ. ಮಾರನೆಯ ದಿನ ಬಸ್ಸು ಹತ್ತಿದೆ. ಈ ಬರಹದಲ್ಲಿ ನನಗೆ ಬರೆಯಲು ಕಷ್ಟವಾದ ಸಾಲುಗಳು ಇವೇ.

ಕಾರ್ತೀಕದಲ್ಲಿ ಅವ್ವ ಹೇಳಿಕಳಿಸಿದಳು. ಅದೇ ಸೋದರಮಾವ ಸಣ್ಣೇಗೌಡ ತನ್ನ ಮಗಳು ಗೌರಿಯನ್ನು ನನಗೆ ಎರಡನೆಯವಳಾಗಿ ಕೊಡುತ್ತಾನೆ, ವೀಳ್ಯದ ಶಾಸ್ತ್ರಕ್ಕೆ ಯಜಮಾನರನ್ನು ಕರೆದಿದೆ, ಬಂದುಬಿಡು ಎಂದು. ಗೌರಿಗೆ ಆಗ ಹದಿನಾರು. ಪುಟ್ಟತಾಯಿ ಒಪ್ಪಿದ್ದಾಳೆ ಎಂದೂ ಹೇಳಿ ಕಳಿಸಿದ್ದಳು. ಬಿಳಿಕೆರೆಯಲ್ಲಿ ಬಸ್ಸಿಳಿದು ಊರಿಗೆ ನಡೆಯುತ್ತ ಬಂದೆ. ರಾಗಿ ತೆನೆ ಬಲಿತು ಕೊಯ್ಲಿಗೆ ಬಂದಿತ್ತು. ದಾರಿಯುದ್ದಕ್ಕೂ ಚೀಟಿಯನ್ನು ತಟ್ಟಿಕೊಳ್ಳುತ್ತ ಬಂದೆ. ಪುಟ್ಟತಾಯಿಯ ಬಾಳಷ್ಟೇ ಅಲ್ಲ, ಈಗ ಇನ್ನೊಂದು ಹುಡುಗಿಯ ಬಾಳೂ ನಾನು ಬಾಯಿ ಮುಚ್ಚಿಕೊಂಡರೆ ಹಾಳಾಗುವುದರಲ್ಲಿತ್ತು. ಹೆದರಿಕೆ ಹೋಗಿ ಸಿಟ್ಟು ಬಂದದ್ದು ಆ ದಾರಿಯಲ್ಲೇ. ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೂ.

ನಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಊರ ಯಜಮಾನರಾದ ಪಟೇಲರು ನಡುವೆ ಕೂತಿದ್ದರು, ಪಕ್ಕದಲ್ಲಿ ಮಾವ. ಮುಂದೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ನಮ್ಮಲ್ಲಿ ಎರಡನೆಯ ಮದುವೆಗೆ ಒಂದು ಕಟ್ಟು ಇತ್ತು. ಮೊದಲ ಹೆಂಡತಿ ಯಜಮಾನರ ಎದುರು ಗಂಡನ ಕೈಗೆ ವೀಳ್ಯ ಕೊಡಬೇಕು. ಕೊಟ್ಟರೆ ನನ್ನದೇನೂ ತಕರಾರಿಲ್ಲ ಎಂದರ್ಥ. ಆಮೇಲೆ ಅವಳು ಬಾಯಿ ತೆರೆಯುವ ಹಾಗಿಲ್ಲ.

'ಕರೀರಪ್ಪ ಪುಟ್ಟತಾಯೀನ' ಎಂದರು ಪಟೇಲರು.

ನಾನು ಕೂರಲೇ ಇಲ್ಲ. 'ಅವಳನ್ನ ಕರೀಬ್ಯಾಡಿ. ದೋಸ ಅವಳದಲ್ಲ, ನಂದು' ಎಂದೆ. ಜೇಬಿನಿಂದ ಚೀಟಿ ತೆಗೆದೆ. 'ನನ್ನಲ್ಲಿ ಬೀಜ ಇಲ್ಲ. ಹತ್ತೊಂಬತ್ತು ವರ್ಸದಲ್ಲಿ ಮಂಗನಬಾವು ಬಂದಾಗ್ಲೇ ಹೋಯ್ತು. ನಾನೇ ಗಾಜಲ್ಲಿ ನೋಡಿವ್ನಿ. ಮೈಸೂರು ಡಾಕ್ಟ್ರೂ ನೋಡವ್ರೆ. ಇಲ್ಲಿ ಚೀಟಿ ಐತೆ.'

ಮೊದಲು ಮಾತಾಡಿದ್ದು ಮಾವ. 'ಏನ್ಲಾ, ಕುಡ್ದು ಬಂದಿದ್ದೀಯಾ? ಗಂಡಸ್ಗೆ ಎಲ್ಲಾರಾ ಬಂಜೆತನ ಉಂಟೇನ್ಲಾ? ಆ ದನದ ಡಾಕ್ಟ್ರ ಸವಾಸ ಮಾಡಿ ನಿನ್ ತಲೆ ಕೆಟ್ಟದೆ.'

'ತಲೆ ನೆಟ್ಟಗೈತೆ ಮಾವ. ನಿನ್ ಮಗಳನ್ನ ತಂದು ಕೊಡು, ಬ್ಯಾಡ ಅನ್ನಲ್ಲ. ಆರು ವರ್ಸ ಆದ್ಮೇಲೆ ಗೌರೀನೂ ಗೊಡ್ಡು ಅನ್ನುಸ್ಕತಾಳೆ. ಆಗ ಮೂರ್ನೇಯವಳನ್ನ ಯಾರ್ ಮನೆಯಿಂದ ತತ್ತೀಯ, ಈಗ್ಲೇ ಯೋಳ್ಬುಡು.'

ಮಾವ ಕೆಟ್ಟವನಲ್ಲ, ಮಗಳೆಂದರೆ ಪ್ರಾಣ. ನಿಧಾನವಾಗಿ ಕೈ ಚಾಚಿ ವೀಳ್ಯದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಅವ್ವ ಬಾಗಿಲ ಮರೆಯಲ್ಲಿ ಕೂತು, 'ಅಯ್ಯೋ ನನ್ ಮಗನ ಮಾನ ನಾಕ್ ಜನದ್ ಮುಂದೆ ಹೋಯ್ತಲ್ಲಪ್ಪಾ ಸಿವ್ನೇ' ಎಂದು ಎದೆ ಬಡಿದುಕೊಂಡಳು.

ನನಗೆ ಹುರುಪು ಬಂದುಬಿಟ್ಟಿತ್ತು. ಅಷ್ಟು ದಿನ ಹೆದರಿದ್ದ ಮಾತು ಬಾಯಿಂದ ಹೊರಬಿದ್ದ ಮೇಲೆ ಮೈ ಹಗುರಾಗಿ, ನಾನೇ ಧರ್ಮರಾಯ ಅನ್ನಿಸುತ್ತಿತ್ತು. 'ಪಟೇಲರೇ, ಹೆಂಡ್ತೀಲಿ ದೋಸ ಇದ್ರೆ ಗಂಡಂಗೆ ಇನ್ನೊಂದ್ ಮದ್ವೆ ಅಲ್ವಾ ನಿಮ್ ಕಟ್ಟು? ಗಂಡನಲ್ಲಿ ದೋಸ ಇದ್ರೆ ಹೆಂಡ್ತೀಗೂ ಅದೇ ಕಟ್ಟು ಆಗ್ಲಿ. ನಮ್ಮಲ್ಲಿ ಕೂಡಿಕೆ ಅನ್ನೋದು ಇದ್ದೇ ಐತೆ. ಅವಳಿಗೆ ಒಳ್ಳೆ ಗಂಡು ನೋಡಿ, ಬಿಡುಗಡೆ ಕೊಡ್ತೀನಿ, ಕೂಡಿಕೆ ಸೀರೆ ನಾನೇ ತಂದ್ಕೊಡ್ತೀನಿ' ಎಂದೆ. ಗಂಡ ಬಿಟ್ಟವಳಿಗೋ ಗಂಡ ಸತ್ತವಳಿಗೋ ಸೀರೆ ಉಡಿಸಿ ಇನ್ನೊಬ್ಬನ ಜೊತೆ ಕೂಡಿಸುವ ಪದ್ಧತಿ ನಮ್ಮಲ್ಲಿ ಇತ್ತು. ಗಂಡನೇ ಎದ್ದು ನಿಂತು ಅದನ್ನು ಕೇಳಿದ್ದು ಮಾತ್ರ ಆ ಊರಿನ ಚರಿತ್ರೆಯಲ್ಲೇ ಮೊದಲು. ಪಟೇಲರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಹಾಗೇ ಕೈ ನಿಲ್ಲಿಸಿದರು.

ಆಗ ಪುಟ್ಟತಾಯಿ ಅಡುಗೆಮನೆಯಿಂದ ಹೊರಗೆ ಬಂದಳು. ಕೈಗೆ ರಾಗಿಹಿಟ್ಟು ಮೆತ್ತಿತ್ತು. ಯಜಮಾನರ ಮುಂದೆ ಹೆಂಗಸು ನಿಲ್ಲಬಾರದ ಜಾಗಕ್ಕೆ, ಕಂಬಳಿಯ ಅಂಚಿಗೇ ಬಂದು ನಿಂತಳು. ಪಟೇಲರನ್ನಾಗಲಿ ಮಾವನನ್ನಾಗಲಿ ನೋಡಲಿಲ್ಲ. ನನ್ನನ್ನೇ ನೋಡಿದಳು.

'ನಿಮ್ಗೆ ಇದು ಯಾವಾಗ ಗೊತ್ತಾಯ್ತು?'

'ಆಷಾಡದಲ್ಲಿ' ಎಂದೆ.

'ಈಗ ಯಾವ ತಿಂಗ್ಳು?'

ಉತ್ತರವನ್ನೂ ಅವಳೇ ಕೊಟ್ಟಳು. 'ಕಾರ್ತೀಕ. ಆಷಾಡದಿಂದ ಕಾರ್ತೀಕದ್ ಗಂಟ ನಾನ್ ಕುಡಿದಿರೋ ಕಸಾಯ ಯಾರ್ ಕುಡೀಬೇಕಿತ್ತು? ಗೌರಿ ಹಬ್ಬದ್ ದಿನ ನಿಮ್ ಮುಂದೇನೇ ಕುಡಿದ್ನಲ್ಲ. ನೋಡ್ಕಂಡು ಒಬ್ಬಟ್ಟು ತಿಂದ್ರಲ್ಲ.'

ಒಳಗೆ ಹೋದಳು. ಕುಡಿಕೆ ಮತ್ತು ಲೋಟ ತಂದಳು. ಕರಿ ಬಣ್ಣದ ಕಷಾಯವನ್ನು ಲೋಟದ ತುಂಬ ಬಗ್ಗಿಸಿ ನನ್ನ ಕೈಗೆ ಕೊಟ್ಟಳು. ವೀಳ್ಯ ಕೊಡಬೇಕಾಗಿದ್ದ ಕೈಯಿಂದ ನನಗೆ ಸಿಕ್ಕಿದ್ದು ಅದು. 'ಅವ್ವಯ್ಯಾ, ಗಂಡ್ಸು ಅದನ್ನ ಕುಡೀಬಾರ್ದು ಕಣೇ!' ಎಂದು ಅವ್ವ ಕೂಗಿಕೊಂಡಳು. ನಾನು ಕುಡಿದೆ. ಹಾಗಲಕಾಯಿ, ಬೇವು, ಸುಟ್ಟ ಚಕ್ಕಳ ಎಲ್ಲ ಸೇರಿದಂಥ ರುಚಿ. ಗಂಟಲಿನಿಂದ ಕೆಳಗಿಳಿಯದೆ ಹೊರಳಿ ಬರುತ್ತಿತ್ತು, ಕಣ್ಣಲ್ಲಿ ನೀರು ಬಂತು, ಆದರೂ ಕೊನೆಯ ತೊಟ್ಟಿನವರೆಗೂ ಕುಡಿದು ಲೋಟ ಕೆಳಗಿಟ್ಟೆ. ಪಟೇಲರು, ಮಾವ, ನೆರೆಹೊರೆಯವರು ಎಲ್ಲ ಕಣ್ಣು ಬಿಟ್ಟು ನೋಡುತ್ತಿದ್ದರು.

'ಇನ್ನ ಕೂಡಿಕೆ ಮಾತು' ಎಂದಳು ಪುಟ್ಟತಾಯಿ. 'ನಿಮ್ಮವ್ವ ಈ ಕಡೆಯಿಂದ ತಳ್ತಾರೆ, ನೀವು ಆ ಕಡೆಯಿಂದ ತಳ್ತೀರಿ. ಗಾಜ ಕೇಳುದ್ರಿ, ಡಾಕ್ಟ್ರ ಕೇಳುದ್ರಿ, ಪಟೇಲ್ರ ಕೇಳುದ್ರಿ. ನನ್ನ ಒಂದ್ ಮಾತು ಯಾರ್ ಕೇಳುದ್ರಿ? ಅಗ್ಗ ಬದ್ಲಾಯ್ಸಿ ಇನ್ನೊಬ್ಬನ ಕೈಗೆ ಕೊಡಕ್ಕೆ ನಾನೇನು ದೊಡ್ಡಿ ಅಸಾನಾ? ಬಿಟ್ಟೋಗಬೇಕು ಅನ್ನುಸ್ದಾಗ ನಾನೇ ಓಯ್ತೀನಿ, ಸೀರೆ ನಾನೇ ತಗತೀನಿ. ಇವತ್ತು ಅನ್ನುಸ್ಲಿಲ್ಲ.'

ನನ್ನ ಧರ್ಮರಾಯಗಿರಿ ಅಲ್ಲಿಗೆ ಇಳಿದುಹೋಯಿತು. ನಾನು ಅವಳಿಗಾಗಿ ಊರನ್ನೇ ಎದುರು ಹಾಕಿಕೊಂಡೆ ಎಂದು ಬೀಗುತ್ತಿದ್ದೆ. ಅವಳ ಬಾಳನ್ನು ಅವಳಿಗೆ ಹೇಳದೆಯೇ ಸಭೆಯಲ್ಲಿಟ್ಟು ದಾನ ಮಾಡಲು ಹೊರಟಿದ್ದೆ. ಅವ್ವ ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಎಷ್ಟು ಅಂತರವಿತ್ತೋ ಇಂದಿಗೂ ನನಗೆ ಗೊತ್ತಿಲ್ಲ.

'ಇರ್ತೀಯಾ ಅಂಗಾರೆ?' ಎಂದು ಕೇಳಿದೆ. ಮದುವೆಯಾಗಿ ಆರು ವರ್ಷದಲ್ಲಿ ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

'ಇರ್ತೀನಿ. ಆದ್ರೆ ಈ ಮನೇಲಲ್ಲ, ಹೊಸ ಅಗ್ರಹಾರದಲ್ಲಿ. ನಾಳೆ ಬೆಳಗಿನ ಬಸ್ಸಿಗೇ ಬತ್ತೀನಿ. ಇನ್ನೊಂದು, ಚಂದಾಗಿ ಕೇಳಿಸ್ಕಳಿ. ಆರು ವರ್ಸ ಮಕ್ಳೆಷ್ಟು ಮಕ್ಳೆಷ್ಟು ಅಂತ ಕೇಳ್ದೋರಿಗೆಲ್ಲ ನಾನು ಉತ್ರ ಯೋಳಿವ್ನಿ. ಇನ್ಮೇಲೆ ಯಾರ್ ಕೇಳುದ್ರೂ ನೀವ್ ಯೋಳ್ಬೇಕು.'

ಪಟೇಲರು ಎಲೆಯನ್ನು ಬಾಯಿಗೆ ಹಾಕಿಕೊಂಡು, 'ಏಳ್ರಪ್ಪ, ಇಲ್ಲಿ ನಮ್ಗೇನೂ ಕೆಲ್ಸ ಇಲ್ಲ' ಎಂದು ಟವೆಲು ಕೊಡವಿ ಎದ್ದರು. ಮಾವ ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು, ಹೋಗುವಾಗ ಪುಟ್ಟತಾಯಿಯ ಮುಂದೆ ನಿಂತು ತಲೆ ಬಗ್ಗಿಸಿ ಹೊರಟುಹೋದ. ಮರುವರ್ಷ ಗೌರಿಯನ್ನು ಪಿರಿಯಾಪಟ್ಟಣದ ಕಡೆಗೆ ಕೊಟ್ಟ. ಅವ್ವ ನನ್ನ ಜೊತೆ ಒಂದು ವರ್ಷ ಮಾತು ಬಿಟ್ಟಳು. ಸೊಸೆಯ ಜೊತೆ ಮಾತ್ರ ಬಿಡಲಿಲ್ಲ. ಕೊಯ್ಲಿಗೆ ಕೂಲಿಯಾಳು ಹಿಡಿದು, ಅವರೆಕಾಯಿ ಕಾಲದಲ್ಲಿ ಬಸ್ಸಿನ ಕೈಲಿ ಗಂಟು ಕಳಿಸುತ್ತಿದ್ದಳು.

ಮಾರನೆಯ ಬೆಳಿಗ್ಗೆ ಬಿಳಿಕೆರೆಯಲ್ಲಿ ಬಸ್ಸು ಹತ್ತಿದೆವು. ಪುಟ್ಟತಾಯಿ ಒಂದು ಟ್ರಂಕು, ಒಂದು ರಾಗಿಹಿಟ್ಟಿನ ಗಂಟು ತಂದಿದ್ದಳು. ಕಾಲಿಡಲು ಜಾಗವಿಲ್ಲದಷ್ಟು ಜನ. ಅವಳಿಗೆ ಒಬ್ಬ ಮುದುಕಿಯ ಪಕ್ಕ ಜಾಗ ಸಿಕ್ಕಿತು, ನಾನು ಕಂಬಿ ಹಿಡಿದು ನಿಂತೆ. ಬಸ್ಸು ಎರಡು ಮೈಲಿ ಹೋಗಿರಲಿಲ್ಲ, ಮುದುಕಿ ಎಲೆಚೀಲ ಬಿಚ್ಚಿ, ಪುಟ್ಟತಾಯಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಎಲ್ಲರೂ ಕೇಳುವ ಪ್ರಶ್ನೆಯನ್ನು ಕೇಳಿದಳು.

'ಮಕ್ಳೆಷ್ಟವ್ವ?'

ಪುಟ್ಟತಾಯಿ ಕತ್ತೆತ್ತಿ ನನ್ನನ್ನು ನೋಡಿದಳು. ನನ್ನ ಪಕ್ಕದಲ್ಲಿ ಹುಣಸೂರಿನ ವ್ಯಾಪಾರಿಗಳಿದ್ದರು, ಹಿಂದೆ ಕೋರ್ಟಿಗೆ ಹೊರಟ ಗೌಡರಿದ್ದರು, ಕಂಡಕ್ಟರು ನನ್ನನ್ನು ಫ್ಲಾಸ್ಕಿನಿಂದಾಗಿ ಚೆನ್ನಾಗಿ ಬಲ್ಲವನು. ನಿನ್ನೆ ಪಡಸಾಲೆಯಲ್ಲಿ ಸಿಟ್ಟಿನ ಭರದಲ್ಲಿ ಹೇಳಿದ್ದು ಸುಲಭವಾಗಿತ್ತು. ಗೊತ್ತಿಲ್ಲದ ಜನರ ನಡುವೆ, ಬೆಳ್ಳಂಬೆಳಗ್ಗೆ, ಸಿಟ್ಟಿಲ್ಲದೆ ಹೇಳಬೇಕಾಗಿತ್ತು.

'ಇಲ್ಲಮ್ಮ. ನಂಗೆ ಮಕ್ಳಾಗಲ್ಲ. ದೋಸ ನಂದು' ಎಂದು ಮೆಲ್ಲಗೆ ಹೇಳಿದೆ.

ಮುದುಕಿ ಕೈಯನ್ನು ಕಿವಿಯ ಹಿಂದಿಟ್ಟು, 'ಆ? ಏನಂದೆ ಮಗಾ?' ಎಂದಳು.

ಪುಟ್ಟತಾಯಿ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, 'ಆಯಮ್ಮಂಗೆ ಕೇಳಿಸ್ಲಿಲ್ವಂತೆ. ಜೋರಾಗಿ ಯೋಳಿ' ಎಂದಳು.

ಜೋರಾಗಿ ಹೇಳಿದೆ. ಡ್ರೈವರು ಕೂಡ ತಿರುಗಿ ನೋಡಿದ.